ಕಪ್ಪು ಪ್ರೋಬ್ ಎಲ್ಲಿ ಇಡೋದು? ಬೋಗುಣಿ ನೀರಿನಲ್ಲಿ ಪಾಯಿಂಟ್ ಚಾರ್ಜ್ ಅಳೆದದ್ದು

ನನ್ನದು ತಿಪಟೂರಿನಲ್ಲಿ ಟಿವಿ, ಮಿಕ್ಸಿ, ಯುಪಿಎಸ್ ರಿಪೇರಿ ಅಂಗಡಿ. ಅಣ್ಣನ ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಕಾಲೇಜು ಬಿಟ್ಟ ಮೇಲೆ ಬಸ್ಸು ಬರೋ ತನಕ ಅಂಗಡಿಯಲ್ಲೇ ಕೂತು ಓದಿಕೊಳ್ಳುತ್ತಾಳೆ. ಒಂದು ಸಂಜೆ ಫಿಸಿಕ್ಸ್ ಪುಸ್ತಕವನ್ನು ನನ್ನ ಸೋಲ್ಡರಿಂಗ್ ಸ್ಟ್ಯಾಂಡಿಗೆ ಒರಗಿಸಿಟ್ಟು ಕೇಳಿದಳು.

"ಚಿಕ್ಕಪ್ಪ, ಒಂದು ಚುಕ್ಕೆಯಷ್ಟು ಜಾಗದಲ್ಲಿ ಚಾರ್ಜ್, ಅಂದ್ರೆ ಪಾಯಿಂಟ್ ಚಾರ್ಜ್, ಇದ್ರೆ ಅದರಿಂದ ಇಷ್ಟು ದೂರದಲ್ಲಿ ಪೊಟೆನ್ಷಿಯಲ್ ಇಷ್ಟು ಅಂತ ಬರೆದಿದ್ದಾರೆ. ಪೊಟೆನ್ಷಿಯಲ್ ಅಂದ್ರೆ ವೋಲ್ಟೇ ತಾನೇ? ನಿಮ್ಮ ಮೀಟರ್‌ನಲ್ಲಿ ಅಳೆಯಬಹುದಾ?"

ಅಳೆಯೋಕೇನು, ಅಳೆದರಾಯಿತು ಅಂದೆ. ಅವಳು ಬಿಡಲಿಲ್ಲ. "ಕೆಂಪು ಪ್ರೋಬ್ ಆ ಜಾಗದಲ್ಲಿ ಇಡ್ತೀರಿ. ಕಪ್ಪು ಪ್ರೋಬ್ ಎಲ್ಲಿ ಇಡ್ತೀರಿ?"

ಪ್ರೋಬ್ ಅಂದರೆ ಮೀಟರಿನ ವೈರಿನ ಮೊನೆ. ಕೆಂಪು, ಕಪ್ಪು ಎರಡು ಮೊನೆಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನೇ ಮೀಟರ್ ತೋರಿಸೋದು. ಇಪ್ಪತ್ತೆರಡು ವರ್ಷದಿಂದ ಕಪ್ಪು ಪ್ರೋಬನ್ನು ಸೆಟ್ಟಿನ ಲೋಹದ ಚೌಕಟ್ಟಿಗೆ (ಚಾಸಿಸ್) ಸಿಕ್ಕಿಸಿ ಕೆಲಸ ಮಾಡಿದವನು ನಾನು. ಪುಸ್ತಕ ನೋಡಿದರೆ ಅನಂತ ದೂರದಲ್ಲಿ ಸೊನ್ನೆ ಅಂತ ಬರೆದಿದೆ. ಅಷ್ಟು ಉದ್ದದ ವೈರ್ ನನ್ನ ಹತ್ತಿರ ಇಲ್ಲ. ಹನ್ನೊಂದು ದಿನ ಇದರ ಹಿಂದೆ ಬಿದ್ದೆವು. ಏನೇನು ಮಾಡಿದೆವು, ಎಲ್ಲೆಲ್ಲಿ ಎಡವಿದೆವು ಅಂತ ಕ್ರಮವಾಗಿ ಬರೆದಿದ್ದೇನೆ.

ದಿನ 1: ನಿಜವಾದ ಚಾರ್ಜೇ ಅಳೆಯೋಣ ಅಂತ ಹೊರಟಿದ್ದು

ಲಾರಿ ಗ್ಯಾರೇಜಿನಿಂದ ಹಳೇ ಬೇರಿಂಗಿನ ಒಂದು ಗುಂಡು ತಂದೆ. ವರ್ನಿಯರ್‌ನಲ್ಲಿ 20 ಮಿ.ಮೀ. ಅಂದರೆ ತ್ರಿಜ್ಯ 1 ಸೆಂ.ಮೀ. ಅದನ್ನು ಥರ್ಮಾಕೋಲ್ ಮೇಲೆ ಕೂರಿಸಿದೆ. ಪಿವಿಸಿ ಪೈಪನ್ನು ಉಲ್ಲನ್ ಶಾಲಿಗೆ ಉಜ್ಜಿ ಉಜ್ಜಿ ಗುಂಡಿಗೆ ಮುಟ್ಟಿಸಿದೆ. ಕಾಗದದ ಚೂರು ಗುಂಡಿನ ಕಡೆ ಹಾರಿತು. ಚಾರ್ಜ್ ಇದೆ. ಮೀಟರ್ ಮುಟ್ಟಿಸಿದರೆ ಸೊನ್ನೆ. ಮತ್ತೆ ಉಜ್ಜಿದೆ. ಮತ್ತೆ ಸೊನ್ನೆ.

ಲೆಕ್ಕ ಹಾಕಿದ ಮೇಲೆ ನಾಚಿಕೆ ಆಯಿತು. ಇಷ್ಟು ಚಿಕ್ಕ ಗುಂಡಿನ ಕೆಪಾಸಿಟಿ, ಅಂದರೆ ಚಾರ್ಜ್ ಹಿಡಿದಿಟ್ಟುಕೊಳ್ಳೋ ಶಕ್ತಿ, ಸುಮಾರು 1.1 ಪಿಕೊಫ್ಯಾರಡ್. ಒಳ್ಳೇ ಮೀಟರ್ ಅಂದರೂ ಒಳಗೆ 10 ಮೆಗಾ ಓಮ್ ಇರುತ್ತೆ. ಆ ದಾರಿಯಲ್ಲಿ ಚಾರ್ಜ್ ಪೂರ್ತಿ ಸೋರಿಹೋಗಲು ಸೆಕೆಂಡಿನ ಲಕ್ಷದ ಕೆಲವು ಭಾಗ ಸಾಕು. ಮೀಟರ್ ಕಣ್ಣು ಬಿಡೋದರೊಳಗೆ ಗುಂಡು ಖಾಲಿ.

ಆಗ ನೆನಪಾದದ್ದು ನೀರಿನ ತೊಟ್ಟಿ. ವಾಲ್ವ್, ಪಿಕ್ಚರ್ ಟ್ಯೂಬುಗಳ ಕಾಲದಲ್ಲಿ ಎಲೆಕ್ಟ್ರಾನ್ ಗನ್ ವಿನ್ಯಾಸ ಮಾಡುವವರು ಲೋಹದ ಮಾದರಿಗಳನ್ನು ನೀರಿನಲ್ಲಿಳಿಸಿ, ಕರೆಂಟ್ ಕೊಟ್ಟು, ಒಂದೊಂದು ಜಾಗದಲ್ಲಿ ವೋಲ್ಟ್ ಅಳೆಯುತ್ತಿದ್ದರು. ಖಾಲಿ ಜಾಗದಲ್ಲಿ ಪೊಟೆನ್ಷಿಯಲ್ ಹೇಗೆ ಹರಡುತ್ತದೋ ನೀರಿನಲ್ಲೂ ಹಾಗೇ ಹರಡುತ್ತೆ. ನೀರಿನಲ್ಲಾದರೆ ಟ್ರಾನ್ಸ್‌ಫಾರ್ಮರ್ ಕರೆಂಟನ್ನು ಬಿಡದೆ ತುಂಬುತ್ತಲೇ ಇರುತ್ತೆ. ಮೀಟರ್ ಎಷ್ಟು ಕುಡಿದರೂ ಲೆಕ್ಕಕ್ಕಿಲ್ಲ.

ದಿನ 2: ಸ್ಟೀಲ್ ಹರಿವಾಣ. ಪೂರ್ತಿ ವೇಸ್ಟು

ಮನೆಯಿಂದ ಅಗಲವಾದ ಸ್ಟೀಲ್ ಹರಿವಾಣ ತಂದೆ. ಒಂದು ಸೆಂಟಿಮೀಟರ್ ನೀರು. ನಡುವೆ ತಳಕ್ಕೆ ತಾಗದಂತೆ ಒಂದು ಬೋಲ್ಟ್. ಬೋಲ್ಟಿಗೆ 9 ವೋಲ್ಟ್ ಬ್ಯಾಟರಿಯ ಪ್ಲಸ್, ಹರಿವಾಣಕ್ಕೆ ಮೈನಸ್. ಬೋಲ್ಟಿನ ಪಕ್ಕ ಒಂದಿಷ್ಟು ವೋಲ್ಟ್ ಬಂತು. ಎರಡು ಮೂರು ಸೆಂಟಿಮೀಟರ್ ಆಚೆ ಎಲ್ಲಿ ಮುಟ್ಟಿಸಿದರೂ ಸೊನ್ನೆಯ ಆಸುಪಾಸು.

ಹುಡುಗಿ ಒಂದು ನಿಮಿಷ ನೋಡಿ ಹೇಳಿದಳು, "ತಳವೂ ಸ್ಟೀಲೇ ಅಲ್ವಾ ಚಿಕ್ಕಪ್ಪ?" ಹೌದು. ಕರೆಂಟು ದೂರ ಹೋಗೋ ಗೋಜಿಗೇ ಹೋಗದೆ ಸೀದಾ ಕೆಳಗಿಳಿಯುತ್ತಿತ್ತು. ದಿನಾ ಶಾರ್ಟ್ ಹುಡುಕುವವನಿಗೆ ಕಣ್ಣೆದುರಿನ ಶಾರ್ಟ್ ಕಾಣಲಿಲ್ಲ.

ದಿನ 3 ಮತ್ತು 4: ಪ್ಲಾಸ್ಟಿಕ್ ಟಬ್ಬು. ಚೆನ್ನಾಗಿ ಬಂತು, ಆದರೆ ಬೇರೆ ಏನೋ ಬಂತು

ಚಪ್ಪಟೆ ತಳದ ಪ್ಲಾಸ್ಟಿಕ್ ಟಬ್ಬು, 90 ರೂ. ಒಳಗೆ ಸುತ್ತಲೂ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಬಳೆಯ ಹಾಗೆ ನಿಲ್ಲಿಸಿದೆ, ತ್ರಿಜ್ಯ 15 ಸೆಂ.ಮೀ. ನಡುವೆ 1 ಸೆಂ.ಮೀ. ದಪ್ಪದ ಬೋಲ್ಟು, ಈ ಸಲ ತಳಕ್ಕೆ ಮುಟ್ಟಿದ್ದು. ನೀರು 1 ಸೆಂ.ಮೀ. ಆಳ.

ಮೊದಲು 9 ವೋಲ್ಟ್ ಬ್ಯಾಟರಿಯಲ್ಲೇ ನೋಡಿದೆ. ರೀಡಿಂಗ್ ಒಂದು ಕಡೆ ನಿಲ್ಲಲಿಲ್ಲ. ನೋಡ್ತಾ ನೋಡ್ತಾ ಇಳಿಯುತ್ತೆ. ಫಾಯಿಲ್ ಮೇಲೆ ಸಣ್ಣ ಸಣ್ಣ ಗುಳ್ಳೆ, ಹತ್ತು ನಿಮಿಷಕ್ಕೆ ಬೋಲ್ಟ್ ಸುತ್ತ ಕಂದು ಬಣ್ಣ. ಡಿಸಿ ಕೊಟ್ಟರೆ ನೀರು ಒಡೆಯೋಕೆ ಶುರುವಾಗುತ್ತೆ, ಲೋಹದ ಮೇಲೆ ಪದರ ಕೂರುತ್ತೆ, ವೋಲ್ಟೇಜಿನ ಒಂದು ಪಾಲು ಅಲ್ಲೇ ಕರಗಿಹೋಗುತ್ತೆ. ಡಿಸಿ ಬೇಡ ಅಂತ, ನಡುವಿನ ವೈರಿನಿಂದ ಎರಡು ತುದಿಗೂ 12 ವೋಲ್ಟ್ ಎಸಿ ಕೊಡುವ 12-0-12 ಟ್ರಾನ್ಸ್‌ಫಾರ್ಮರ್ ತೆಗೆದೆ. 500 ಮಿಲಿ ಆಂಪ್ ಸಾಕು. ನಡುವಿನ ವೈರ್ ಫಾಯಿಲಿಗೆ, ಒಂದು ತುದಿ ಬೋಲ್ಟಿಗೆ. ನೀರು ಇದ್ದಾಗ 12.6 ವೋಲ್ಟ್ ಬರುತ್ತಿತ್ತು. ಅರ್ಧ ಆಂಪ್ ಫ್ಯೂಸ್ ಹಾಕಿದೆ. ಇದನ್ನು ಯಾರಾದರೂ ಮಾಡಿದರೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮೇನ್ಸ್ ಹತ್ತಿರವೂ ಹೋಗಬೇಡಿ. ರೆಸಿಸ್ಟರ್ ಹಾಕಿ ಕಡಿಮೆ ಮಾಡ್ತೀನಿ, ಆಟೋ ಟ್ರಾನ್ಸ್‌ಫಾರ್ಮರ್ ಇದೆ, ಇಂಥ ಬುದ್ಧಿವಂತಿಕೆ ನೀರಿನ ಜೊತೆ ಬೇಡ.

ಎಸಿ ಕೊಟ್ಟ ಮೇಲೆ ರೀಡಿಂಗ್ ಗಟ್ಟಿಯಾಗಿ ನಿಂತವು. ಬೋಲ್ಟಿನ ನಡುವಿನಿಂದ 1 ಸೆಂ.ಮೀ.ಗೆ 9.9, 2ಕ್ಕೆ 7.3, 4ಕ್ಕೆ 4.8, 8ಕ್ಕೆ 2.1.

ಖುಷಿಯಾಗಿ ಟೀ ತರಿಸಿದೆ. ಹುಡುಗಿ ಖುಷಿಪಡಲಿಲ್ಲ. ಪುಸ್ತಕದ ಪ್ರಕಾರ ದೂರ ಎರಡರಷ್ಟಾದರೆ ಪೊಟೆನ್ಷಿಯಲ್ ಅರ್ಧ ಆಗಬೇಕು. ಒಂದು ನ್ಯಾನೊ ಕೂಲಂ ಚಾರ್ಜ್ ಇದ್ದರೆ ಒಂದು ಮೀಟರ್‌ನಲ್ಲಿ 9 ವೋಲ್ಟ್, ಎರಡು ಮೀಟರ್‌ನಲ್ಲಿ 4.5. ನಮ್ಮದರಲ್ಲಿ ಅರ್ಧ ಆಗ್ತಾನೇ ಇಲ್ಲ. ಪ್ರತಿ ಸಲ ದೂರ ಎರಡರಷ್ಟಾದಾಗ ಸುಮಾರು 2.6 ವೋಲ್ಟ್ ಕಳೆಯುತ್ತೆ, ಅಷ್ಟೇ.

ನಾನು ಒಂದು ದಿನ ಪೂರ್ತಿ ಇದನ್ನು ಒಪ್ಪಲಿಲ್ಲ. ನೀರು ಬದಲಾಯಿಸಿದೆ. ಕರೆಂಟ್ ಚೆನ್ನಾಗಿ ಹರಿಯಲಿ ಅಂತ ಒಂದು ಚಮಚ ಉಪ್ಪು ಹಾಕಿದೆ. ಏನೂ ಬದಲಾಗಲಿಲ್ಲ, ಟ್ರಾನ್ಸ್‌ಫಾರ್ಮರ್ ಬೆಚ್ಚಗಾಯಿತು ಅಷ್ಟೇ. ಉಪ್ಪು ಬೇಕಿಲ್ಲ. ನಮ್ಮ ಬೋರ್‌ವೆಲ್ ನೀರೇ ಧಾರಾಳ.

ತಪ್ಪು ನೀರಿನಲ್ಲಿ ಇರಲಿಲ್ಲ, ಟಬ್ಬಿನ ಆಕಾರದಲ್ಲಿತ್ತು. ತೆಳ್ಳಗಿನ ನೀರಿನಲ್ಲಿ ಕರೆಂಟ್ ಬರೀ ಪಕ್ಕಕ್ಕೆ ಹರಡಬಹುದು, ಕೆಳಕ್ಕೆ ಹರಡೋಕೆ ಜಾಗವೇ ಇಲ್ಲ. ನಾವು ಅಳೆದದ್ದು ಪಾಯಿಂಟ್ ಅಲ್ಲ, ಉದ್ದನೆ ಕಂಬಿಯ ಸುತ್ತಲಿನ ಪೊಟೆನ್ಷಿಯಲ್. ಕಂಬಿಯ ಸುತ್ತ ಅದು ಲಾಗ್ ಲೆಕ್ಕದಲ್ಲಿ ಇಳಿಯುತ್ತೆ, ಅದಕ್ಕೇ ಪ್ರತಿ ಸಲವೂ ಅದೇ 2.6. ಟ್ರೇ ನೀರಿನಲ್ಲಿ ಎರಡು ಮೊಳೆ ನಿಲ್ಲಿಸಿ ಮಾಡುವ ಪ್ರಯೋಗದಲ್ಲೂ ಇದೇ ಕತೆ. ಗೆರೆಗಳು ಚೆಂದ ಬರುತ್ತವೆ, ಸಂಖ್ಯೆ ಮಾತ್ರ ಪುಸ್ತಕಕ್ಕೆ ಕೂಡೋದಿಲ್ಲ.

ದಿನ 5: ಪಾತ್ರೆ ಅಂಗಡಿಯಲ್ಲಿ ಟೇಪು

ಕರೆಂಟ್ ಎಲ್ಲ ದಿಕ್ಕಿಗೂ ಹರಡಬೇಕು ಅಂದರೆ ಗುಂಡು ಪಾತ್ರೆ ಬೇಕು. ಪೂರ್ತಿ ಗೋಳ ಬೇಕಿಲ್ಲ. ಅರ್ಧ ಗೋಳದ ಬೋಗುಣಿ, ಅಂಚಿನ ತನಕ ನೀರು, ನಡುವೆ ಅರ್ಧ ಮುಳುಗಿದ ಗುಂಡು. ಮೇಲೆ ಗಾಳಿ ಇದೆ, ಕರೆಂಟ್ ಆ ಕಡೆ ಹೋಗೋದಿಲ್ಲ. ಹಾಗಾಗಿ ಕೆಳಗಿನರ್ಧ, ಪೂರ್ತಿ ಗೋಳದ ಅರ್ಧದಂತೆಯೇ ನಡೆದುಕೊಳ್ಳುತ್ತೆ. ಈ ಐಡಿಯಾ ಹುಡುಗಿಯದು. ನಾನು ಸ್ಟೀಲ್ ತಳ ಅಂದಕೂಡಲೇ ಹರಿವಾಣ ನೆನೆಸಿಕೊಂಡು ಬೇಡ ಅಂದಿದ್ದೆ.

ಮೂರು ಪಾತ್ರೆ ಅಂಗಡಿ ತಿರುಗಿದೆ. ಬೋಗುಣಿಗೆ ಟೇಪ್ ಹಿಡಿದು ಅಗಲ, ಆಳ ಅಳೆಯುತ್ತಿದ್ದರೆ ಅಂಗಡಿಯವರು "ಏನು ಸ್ವಾಮಿ, ಪಾತ್ರೆಗೆ ಬ್ಲೌಸ್ ಹೊಲಿಸ್ತೀರಾ?" ಅಂದರು. ಅಗಲ 30 ಇದ್ದರೆ ಆಳ 15 ಇರಬೇಕು. ಸಿಕ್ಕಿದ್ದು ಅಗಲ 30, ಆಳ 14, ತಳದಲ್ಲಿ ಅಂಗೈಯಷ್ಟು ಚಪ್ಪಟೆ. ತೂಕದ ಮೇಲೆ 410 ರೂ. ಸುಮಾರು 7 ಲೀಟರ್ ನೀರು ಹಿಡಿಯುತ್ತೆ.

ದಿನ 6: ಗುಂಡು ನೇತುಹಾಕೋದು

ಬೇರಿಂಗ್ ಗುಂಡಿಗೆ ವೈರ್ ಸೋಲ್ಡರ್ ಮಾಡೋಣ ಅಂತ ಕೂತೆ. ಹಿಡಿಯಲೇ ಇಲ್ಲ. ಉಜ್ಜುಕಾಗದದಲ್ಲಿ ಉಜ್ಜಿ, ಫ್ಲಕ್ಸ್ ಬಳಿದು, 60 ವ್ಯಾಟ್ ಐರನ್ ಇಟ್ಟರೂ ಸೀಸ ಮುತ್ತಿನ ಹಾಗೆ ಉರುಳಿ ಬಿತ್ತು. ತೂತು ಕೊರೆಯೋಣ ಅಂತ ಡ್ರಿಲ್ ಇಟ್ಟೆ. ಗುಂಡು ಹಾಗೇ ಇತ್ತು, ಬಿಟ್ಟು ಹೋಯಿತು. 45 ರೂ. ದಂಡ. (ಬಿಟ್ಟು ಅಂದರೆ ಡ್ರಿಲ್ ಬಿಟ್ಟು. ಬೇರಿಂಗ್ ಸ್ಟೀಲ್ ಎಷ್ಟು ಗಟ್ಟಿ ಅಂತ ಗೊತ್ತಿದ್ದೂ ಹೀಗೆ ಮಾಡಿದೆ.)

ಕೊನೆಗೆ ಸತ್ತ ಹಾರ್ಡ್ ಡಿಸ್ಕ್ ಬಿಚ್ಚಿ ಅದರ ಮ್ಯಾಗ್ನೆಟ್ ತೆಗೆದೆ. ಮರದ ರೀಪಿನ ನಡುವೆ ಮ್ಯಾಗ್ನೆಟ್ ಕಟ್ಟಿ, ಅದಕ್ಕೆ ವೈರ್ ಸಿಕ್ಕಿಸಿ, ಗುಂಡನ್ನು ಕೆಳಗೆ ಹಿಡಿದರೆ ಟಪ್ ಅಂತ ಅಂಟಿಕೊಂಡಿತು. 33 ಗ್ರಾಂ ಗುಂಡು ಅದಕ್ಕೆ ಏನೂ ಅಲ್ಲ. ಮ್ಯಾಗ್ನೆಟ್ ಮೇಲಿನ ಪಾಲಿಶ್ ಲೋಹದ್ದೇ, ಕರೆಂಟ್ ಹಾಯುತ್ತೆ. ರೀಪಿನ ಮೇಲೆ 30 ಸೆಂ.ಮೀ. ಸ್ಕೇಲು ಅಂಟಿಸಿದೆ, ಗುಂಡಿನ ನಡು 15ರ ಗೆರೆಗೆ ಬರುವಂತೆ. ಕಣ್ಣಂದಾಜಿನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ.

ಪ್ರೋಬ್ ಕೂಡ ಬೇರೆ ಮಾಡಬೇಕಾಯಿತು. ಮೀಟರಿನ ಮೊನೆ ಉದ್ದಕ್ಕೂ ಬರಿ ಲೋಹ. ನೀರಿನೊಳಗೆ ಇಳಿಸಿದರೆ ಮೇಲಿನದು ಕೆಳಗಿನದು ಎಲ್ಲ ಸೇರಿಸಿ ಏನೋ ಒಂದು ತೋರಿಸುತ್ತೆ. ಮುಗಿದ ಜೆಲ್ ಪೆನ್ನಿನ ರೀಫಿಲ್ ತೊಳೆದು, ಒಳಗೆ ಒಂಟಿ ಎಳೆ ತಾಮ್ರದ ವೈರ್ ತೂರಿಸಿ, ತುದಿಯಲ್ಲಿ ಒಂದು ಮಿ.ಮೀ. ಮಾತ್ರ ಹೊರಗೆ ಬಿಟ್ಟು ಗ್ಲೂ ಗನ್‌ನಿಂದ ಮುಚ್ಚಿದೆ. ಇಡೀ ಕೆಲಸದಲ್ಲಿ ಒಂದೇ ಸಲಕ್ಕೆ ಸರಿಯಾದದ್ದು ಇದೊಂದೇ.

ದಿನ 7: ಹಳದಿ ಮೀಟರಿನ ಮರ್ಯಾದೆ

ಟಬ್ಬಿನಲ್ಲಿ ಮಾಡಿದ ಹಾಗೇ ಟ್ರಾನ್ಸ್‌ಫಾರ್ಮರಿನ ನಡುವಿನ ವೈರ್ ಬೋಗುಣಿಗೆ, ಒಂದು ತುದಿ ಗುಂಡಿಗೆ. ಬೋಗುಣಿಗೆ ಕಪ್ಪು ಪ್ರೋಬ್, ನೀರಿಗೆ ಕೆಂಪು. ದೂರ ಎಲ್ಲ ಗುಂಡಿನ ನಡುವಿನಿಂದ. 3 ಸೆಂ.ಮೀ.ಗೆ ಸುಮಾರು 3.3. 8ಕ್ಕೆ 0.5. 10ಕ್ಕೆ 0.1. 12ಕ್ಕೆ ಸೊನ್ನೆ.

ಅಂಗಡಿಯ ಅಗ್ಗದ ಹಳದಿ ಮೀಟರ್ ಎಸಿಯಲ್ಲಿ 200ರ ರೇಂಜಿನಿಂದ ಶುರು. ಅದರ ಕೆಳಗೆ ರೇಂಜೇ ಇಲ್ಲ. ಒಳಗೆ ಒಂದು ಡಯೋಡ್ ಇದೆ, ಸಣ್ಣ ವೋಲ್ಟೇಜಿನಲ್ಲಿ ಅದೇ ಒಂದು ಪಾಲು ನುಂಗಿಬಿಡುತ್ತೆ. 230 ಇದೆಯಾ ಇಲ್ವಾ ನೋಡೋಕೆ ಸರಿ, ಅರ್ಧ ವೋಲ್ಟ್ ನೋಡೋಕೆ ಅಲ್ಲ. ಎಸಿಯಲ್ಲಿ 2 ಮತ್ತು 20ರ ರೇಂಜ್ ಇರುವ ಮೀಟರನ್ನು ಗೆಳೆಯನಿಂದ ಕಡ ತಂದೆ. ಮೂರು ದಿನಕ್ಕೆ ಅಂತ ಹೇಳಿ.

ಇನ್ನೊಂದು ಕಾಟ ಇತ್ತು. ಮೇನ್ಸ್ ವೋಲ್ಟೇಜ್ ಏರಿಳಿದರೆ ಟ್ರಾನ್ಸ್‌ಫಾರ್ಮರಿನ 12.6 ಕೂಡ ಅಲ್ಲಾಡುತ್ತೆ. ಸಂಜೆ ಹೊತ್ತು 12ಕ್ಕೂ ಇಳಿದದ್ದುಂಟು. ರಾತ್ರಿ ಒಂಬತ್ತರ ಮೇಲೆ ಕೂತೆವು. ಪ್ರತಿ ರೀಡಿಂಗಿಗೆ ಮೊದಲು ಗುಂಡನ್ನೇ ಒಮ್ಮೆ ಮುಟ್ಟಿ, 12.6 ಇದ್ದರೆ ಮಾತ್ರ ಬರೆದುಕೊಂಡೆವು.

ದಿನ 8: ಅರ್ಧ ಆಗಲಿಲ್ಲ

ಸ್ಕೇಲಿನ ಬಲಗಡೆ ಅಳೆದದ್ದು:

2 ಸೆಂ.ಮೀ.: 5.59
3 ಸೆಂ.ಮೀ.: 3.48
4 ಸೆಂ.ಮೀ.: 2.41
5 ಸೆಂ.ಮೀ.: 1.78
6 ಸೆಂ.ಮೀ.: 1.33
8 ಸೆಂ.ಮೀ.: 0.77
10 ಸೆಂ.ಮೀ.: 0.41
12 ಸೆಂ.ಮೀ.: 0.19

ಟಬ್ಬಿನಲ್ಲಿ ಕಡಿಮೆ ಇಳಿಯಿತು ಅಂತ ತಕರಾರು. ಇಲ್ಲಿ ಜಾಸ್ತಿ ಇಳಿಯಿತು. 2ರಿಂದ 4ಕ್ಕೆ ಹೋದರೆ ಅರ್ಧಕ್ಕಿಂತ ಕಡಿಮೆ. 4ರಿಂದ 8ಕ್ಕೆ ಮೂರನೇ ಒಂದು ಭಾಗದ ಹತ್ತಿರ. ನನಗೆ ಬೋಗುಣಿ ಎತ್ತಿ ಚರಂಡಿಗೆ ಸುರಿಯುವಷ್ಟು ಬೇಜಾರು.

ಹುಡುಗಿ ರೀಡಿಂಗ್ ಬರೆದ ಕಾಗದವನ್ನು ಮನೆಗೆ ಒಯ್ದಳು. ಮಾರನೇ ದಿನ ಬಂದು ಕೇಳಿದ್ದು ಮೊದಲ ದಿನದ ಪ್ರಶ್ನೆಯನ್ನೇ. ಕಪ್ಪು ಪ್ರೋಬ್ ಎಲ್ಲಿದೆ? ಬೋಗುಣಿಯ ಗೋಡೆಯಲ್ಲಿದೆ. ಪುಸ್ತಕದ ಕಪ್ಪು ಪ್ರೋಬ್ ಎಲ್ಲಿದೆ? ಅನಂತದಲ್ಲಿ. ನಾವು ಸೊನ್ನೆ ಅಂತ ಕರೆದ ಗೋಡೆ, ಪುಸ್ತಕದ ಲೆಕ್ಕದಲ್ಲಿ ಸೊನ್ನೆ ಅಲ್ಲ. ಅಂದರೆ ನಮ್ಮ ಎಲ್ಲ ರೀಡಿಂಗೂ ಒಂದೇ ಮೊತ್ತದಷ್ಟು ಕಡಿಮೆ ಬರುತ್ತಿವೆ. ಆ ಮೊತ್ತ ಎಷ್ಟು ಅಂತ ಹುಡುಕಿ ಎಲ್ಲಕ್ಕೂ ಕೂಡಿಸಿದರೆ ಅರ್ಧದ ಲೆಕ್ಕ ಸರಿಹೋಗಬೇಕು.

ಹುಡುಕಿದೆವು. 2 ಮತ್ತು 4ರ ಜೋಡಿಗೆ 0.77 ಕೂಡಿಸಬೇಕು. 4 ಮತ್ತು 8ರ ಜೋಡಿಗೆ 0.87. ಹತ್ತಿರ ಹತ್ತಿರ ಬಂತು, ಒಂದೇ ಬರಲಿಲ್ಲ. ಸಾಕು ಬಿಡು ಅಂದೆ. ಒಂದೇ ಬರಬೇಕು ಅಂತ ಅವಳ ಹಟ.

ದಿನ 9: ಮುಕ್ಕಾಲು ಮಿಲಿಮೀಟರ್

ಈ ತಪ್ಪು ಹಿಡಿದದ್ದು ನಾನು, ಅದೊಂದು ಸಮಾಧಾನ. 2 ಸೆಂ.ಮೀ. ಹತ್ತಿರ ಪ್ರೋಬನ್ನು ಕೂದಲೆಳೆಯಷ್ಟು ಸರಿಸಿದರೂ ಮೀಟರ್ ಹಾರುತ್ತಿತ್ತು. ಒಂದು ಮಿ.ಮೀ.ಗೆ 0.34 ವೋಲ್ಟ್. ಅದೇ 10 ಸೆಂ.ಮೀ. ಹತ್ತಿರ ಒಂದು ಮಿ.ಮೀ. ಸರಿಸಿದರೆ ಕೊನೆಯ ಅಂಕಿ ಒಂದು ಮಿಣುಕಿದರೆ ಹೆಚ್ಚು. ಹಾಗಾದರೆ ಗುಂಡು 15ರ ಗೆರೆಗಿಂತ ಸ್ವಲ್ಪ ಪಕ್ಕಕ್ಕೆ ಇದ್ದರೂ ಹತ್ತಿರದ ರೀಡಿಂಗ್ ಮಾತ್ರ ಕೆಡುತ್ತೆ ಅಲ್ವಾ?

ಎಡಗಡೆ ಅಳೆದೆ. 2ಕ್ಕೆ 6.07! ಬಲಕ್ಕೆ 5.59 ಇತ್ತು. 4ಕ್ಕೆ 2.53, 8ಕ್ಕೆ 0.81. ಗುಂಡು ಎಡಕ್ಕೆ ಸುಮಾರು ಮುಕ್ಕಾಲು ಮಿ.ಮೀ. ಸರಿದು ಅಂಟಿಕೊಂಡಿತ್ತು. ಕಣ್ಣಂದಾಜಿನ ಫಲ. ಗುಂಡು ಸರಿಸಲು ಹೋಗಲಿಲ್ಲ, ಮ್ಯಾಗ್ನೆಟ್ ತನಗೆ ಬೇಕಾದ ಕಡೆಗೇ ಎಳೆದುಕೊಳ್ಳುತ್ತೆ. ಎರಡೂ ಕಡೆ ಅಳೆದು ಸರಾಸರಿ ತೆಗೆದೆವು. 2ಕ್ಕೆ 5.83, 4ಕ್ಕೆ 2.47, 8ಕ್ಕೆ 0.79.

ಈಗ ಕೂಡಿಸಬೇಕಾದ ಮೊತ್ತ: ಮೊದಲ ಜೋಡಿಗೆ 0.89. ಎರಡನೇ ಜೋಡಿಗೆ 0.89.

ಅವಳು ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿ ಇಟ್ಟಳು. ಏನೂ ಹೇಳಲಿಲ್ಲ.

ಗುಂಡಿನ 12.6ರಿಂದ ಬೇರೆಯಾಗಿ ಲೆಕ್ಕ ಹಾಕಿದರೂ ಇದೇ ಬರುತ್ತೆ. 13.5ನ್ನು ದೂರದಿಂದ ಭಾಗಿಸಿ 0.9 ಕಳೆ. ದೂರ 1 ಸೆಂ.ಮೀ. ಅಂದರೆ ಗುಂಡಿನ ಮೈ, ಅಲ್ಲಿ 12.6. ದೂರ 15 ಅಂದರೆ ಬೋಗುಣಿಯ ಗೋಡೆ, ಅಲ್ಲಿ ಸೊನ್ನೆ. ಆ 0.9 ಅಂದರೆ ನಮ್ಮ ಗೋಡೆಯಿಂದ ಅನಂತದ ತನಕ ಹೋಗಿದ್ದರೆ ಇನ್ನೂ ಇಳಿಯುತ್ತಿದ್ದ ವೋಲ್ಟು. ಗುಂಡಿನಿಂದ ಗೋಡೆಗೆ 14 ಸೆಂ.ಮೀ.ಯಲ್ಲೇ 12.6 ಮುಗಿದುಹೋಗಿದೆ. ಉಳಿದ ಕೊನೆಯಿಲ್ಲದ ದಾರಿಗೆಲ್ಲ ಸೇರಿ ಒಂದು ವೋಲ್ಟ್ ಕೂಡ ಇಲ್ಲ.

ಎಲ್ಲ ಸರಾಸರಿಗೂ 0.9 ಕೂಡಿಸಿ ದೂರದಿಂದ ಗುಣಿಸಿದೆವು. 2ರಿಂದ 8ರ ತನಕ ಎಲ್ಲವೂ 13.4 ಮತ್ತು 13.6ರ ನಡುವೆ ಬಂದವು. 10 ಮತ್ತು 12 ಮಾತ್ರ 13.2ರ ಆಸುಪಾಸು. ತಳ ಚಪ್ಪಟೆ, ಆಳ ಒಂದು ಸೆಂ.ಮೀ. ಕಡಿಮೆ, ಅದರ ಪರಿಣಾಮ ಅಂತ ನನ್ನ ಅನಿಸಿಕೆ. ರೀಫಿಲ್ ಪ್ರೋಬನ್ನು ಗುಂಡಿನ ನೇರ ಕೆಳಕ್ಕೆ ಇಳಿಸಿದಾಗ 4 ಸೆಂ.ಮೀ.ಯಲ್ಲಿ 2.4, ಅಂದರೆ ಪಕ್ಕಕ್ಕೂ ಕೆಳಕ್ಕೂ ವ್ಯತ್ಯಾಸ ಕಡಿಮೆ. 10ಕ್ಕೆ ಇಳಿಸಿದರೆ 0.37. ತಳ ಹತ್ತಿರ ಇರೋದು ಅಲ್ಲಿ ಚೆನ್ನಾಗಿ ಗೊತ್ತಾಗುತ್ತೆ.

ದಿನ 10: ಬಳೆಗಳು, ಮತ್ತೆ ಕಾಲು ಭಾಗ

ಈ ದಿನ ಏನೂ ಕೆಡಲಿಲ್ಲ, ಹಾಗಾಗಿ ಬೇಗ ಮುಗಿಸುತ್ತೇನೆ. ಮೀಟರ್ 1.80ರಲ್ಲೇ ನಿಲ್ಲುವ ಹಾಗೆ ಹುಡುಗಿ ಪ್ರೋಬನ್ನು ನೀರಿನ ಮೇಲೆ ಓಡಿಸಿದಳು. 5 ಸೆಂ.ಮೀ.ನ ದುಂಡಗಿನ ಬಳೆ. ಸಮವಿಭವ ಅನ್ನೋದು ಇದನ್ನೇ. 6 ವೋಲ್ಟಿನ ಬಳೆ 2 ಸೆಂ.ಮೀ.ಗೆ, 5ರದ್ದು 2.3ಕ್ಕೆ, 4ರದ್ದು 2.8ಕ್ಕೆ, 3ರದ್ದು 3.5ಕ್ಕೆ, 2ರದ್ದು 4.7ಕ್ಕೆ, 1ರದ್ದು 7.1ಕ್ಕೆ. ಒಳಗೆ ಒತ್ತೊತ್ತಾಗಿ, ಹೊರಗೆ ಬಿಡಿಬಿಡಿಯಾಗಿ.

ಆಮೇಲೆ ಕಪ್ಪು ಪ್ರೋಬನ್ನು ಬೋಗುಣಿಯಿಂದ ಕಿತ್ತು ಅದನ್ನೂ ನೀರಿಗೆ ಇಳಿಸಿದೆವು. ಐಸ್‌ಕ್ರೀಮ್ ಕಡ್ಡಿಗೆ ಎರಡು ರೀಫಿಲ್, ನಡುವೆ 1 ಸೆಂ.ಮೀ. ಅಂತರ. ಜೋಡಿಯ ನಡು ಗುಂಡಿನಿಂದ 2 ಸೆಂ.ಮೀ.ಯಲ್ಲಿ ಇದ್ದಾಗ 3.6 ವೋಲ್ಟ್. 4ರಲ್ಲಿ 0.85. ಪೊಟೆನ್ಷಿಯಲ್ ಅರ್ಧ ಆಗುವಲ್ಲಿ ಫೀಲ್ಡ್ (ಒಂದೊಂದು ಸೆಂ.ಮೀ.ಗೆ ಎಷ್ಟು ವೋಲ್ಟ್ ಇಳಿಯುತ್ತೆ ಅನ್ನೋದು) ಕಾಲು ಭಾಗ ಆಗುತ್ತೆ ಅಂತ ಅವಳು ಬಾಯಿಪಾಠ ಮಾಡಿದ್ದಳು, ಪರೀಕ್ಷೆಯಲ್ಲಿ ಯಾವುದು ಅರ್ಧ ಯಾವುದು ಕಾಲು ಅಂತ ಅದಲುಬದಲು ಮಾಡಿಯೂ ಬಂದಿದ್ದಳು. ಕಪ್ಪು ಪ್ರೋಬ್ ಗೋಡೆಯಲ್ಲಿದ್ದರೆ ಪೊಟೆನ್ಷಿಯಲ್, ಕೆಂಪಿನ ಪಕ್ಕದಲ್ಲೇ ಇದ್ದರೆ ಫೀಲ್ಡ್. ಈಗ ಹಾಗೆ ನೆನಪಿಟ್ಟುಕೊಂಡಿದ್ದಾಳೆ. ಕಟ್ಟುನಿಟ್ಟಿನ ಲೆಕ್ಕದವರು ಒಪ್ಪದಿರಬಹುದು, ನಮಗೆ ಸಾಕು.

ಖರ್ಚು: ಬೋಗುಣಿ 410, ಟಬ್ಬು 90, ಡ್ರಿಲ್ ಬಿಟ್ಟು 45, ಫ್ಯೂಸು, ವೈರು 60. ಒಟ್ಟು 605 ರೂ. ಟ್ರಾನ್ಸ್‌ಫಾರ್ಮರ್ ಅಂಗಡಿಯದು. ಇದರಲ್ಲಿ ಟಬ್ಬು, ಬಿಟ್ಟು ಎರಡೂ ದಂಡ. ಗುಂಡು ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತೆ. ಕೆಲಸ ಮುಗಿದಕೂಡಲೇ ಒರೆಸಿ ಎಣ್ಣೆ ಹಚ್ಚಿಡಿ. ಮತ್ತೆ ಬಳಸುವ ಮುಂಚೆ ಆ ಎಣ್ಣೆಯನ್ನು ಸೋಪು ಹಾಕಿ ಪೂರ್ತಿ ತೆಗೀಬೇಕು, ಇಲ್ಲದಿದ್ದರೆ ಕರೆಂಟೇ ಹಾಯೋದಿಲ್ಲ. ಇದೂ ಅನುಭವದಿಂದಲೇ ಗೊತ್ತಾದದ್ದು.

ದಿನ 11: ಎರಡು ಗುಂಡು, ಅರ್ಧಕ್ಕೆ ನಿಂತಿದೆ

12-0-12 ಟ್ರಾನ್ಸ್‌ಫಾರ್ಮರಿನ ಎರಡು ತುದಿ ಒಂದಕ್ಕೊಂದು ಉಲ್ಟಾ. ನಡುವಿನದು ಬೋಗುಣಿಗೆ, ಎರಡು ತುದಿಗೆ ಎರಡು ಗುಂಡು ಹಾಕಿದರೆ ಒಂದು ಪ್ಲಸ್ ಒಂದು ಮೈನಸ್ ಇಟ್ಟ ಹಾಗೆ. ಗ್ಯಾರೇಜಿನಿಂದ ಇನ್ನೊಂದು ಗುಂಡು ತಂದು 8 ಸೆಂ.ಮೀ. ಅಂತರದಲ್ಲಿ ನೇತುಹಾಕಿದೆ. ನಡುವಿನ ಗೆರೆಯಲ್ಲಿ ಸೊನ್ನೆಯ ಹತ್ತಿರ ಬಂತು, ಸರಿ. ಎಡಕ್ಕೆ ಹೋದರೂ ಏರುತ್ತೆ, ಬಲಕ್ಕೆ ಹೋದರೂ ಏರುತ್ತೆ. ಎಸಿ ಮೀಟರಿಗೆ ಪ್ಲಸ್ ಮೈನಸ್ ಗೊತ್ತಾಗೋದಿಲ್ಲ. ಎರಡು ಬೆಟ್ಟ ಇದ್ದಂತೆ ಕಾಣುತ್ತೆ, ಇರಬೇಕಾದದ್ದು ಒಂದು ಬೆಟ್ಟ ಒಂದು ಬಾವಿ.

"ಕಪ್ಪು ಪ್ರೋಬ್ ಬಾವಿಗೇ ಹಾಕಿ" ಅಂದಳು. ಎಡಗುಂಡಿಗೆ ಸಿಕ್ಕಿಸಿದೆ. ಈಗ ಎಡದಿಂದ ಬಲಕ್ಕೆ ಒಂದೇ ಸಮ ಏರುತ್ತಾ ಹೋಯಿತು. ನಡುವಿನ ಗೆರೆಯಲ್ಲಿ 12.6. ಬಲಗುಂಡಿನ ಹತ್ತಿರ ಹೋಗುತ್ತಿದ್ದಂತೆ 17, 18, 19, ಆಮೇಲೆ ಮೀಟರಿನ ಪರದೆಯ ಎಡ ಮೂಲೆಯಲ್ಲಿ ಬರೀ ಒಂದು 1. 20ರ ರೇಂಜ್ ಮೀರಿತ್ತು. ಮುಂದಿನ ರೇಂಜಿಗೆ ತಿರುಗಿಸುವಷ್ಟರಲ್ಲಿ ಗೆಳೆಯನ ಫೋನು. ಮೂರು ದಿನಕ್ಕೆ ಅಂತ ತಂದ ಮೀಟರು ಐದನೇ ದಿನವೂ ನನ್ನ ಹತ್ತಿರವೇ ಇತ್ತು.